ಸುಮ್ಮನಾದದ್ದು ಮೊದಲು

ಬೈಕಂಪಾಡಿಯ ಶೆಡ್ಡಿನ ನಡುವೆ
ನೆಲಕ್ಕೆ ಬೋಲ್ಟು ಬಿಗಿದು ನಿಲ್ಲಿಸಿದ ಹಳದಿ ತೋಳು.
ಸುತ್ತ ನಾಲ್ಕು ಯಂತ್ರ, ನಾಲ್ಕು ಬಾಗಿಲು, ನಾಲ್ಕು ದೀಪ.
ತೋಳು ಒಂದೇ.
ನನ್ನ ಕೈಯಲ್ಲಿ ಪೆಂಡೆಂಟು:
ಕೊರಳಿಗೆ ಹಾಕುವುದಲ್ಲ, ತೋಳಿಗೆ ಪಾಠ ಹೇಳುವುದು.

ಮೊದಲ ರಾತ್ರಿ ಬರೆದೆ:
ಮೊದಲು ಕರೆದವರಿಗೆ ಮೊದಲು.
ರೇಷನ್ ಅಂಗಡಿಯ ನ್ಯಾಯ, ತಪ್ಪೇನು ಅಂದುಕೊಂಡೆ.
ಒಂದೂ ಎರಡೂ ಚುರುಕಿನವು,
ತೊಂಬತ್ತು ಸೆಕೆಂಡಿಗೊಂದು ಬುಶ್ ಉಗುಳುವಂಥವು.
ಕರೆದವು, ಕೊಟ್ಟು ತಿರುಗುವಷ್ಟರಲ್ಲಿ ಮತ್ತೆ ಕರೆದವು.
ಹದಿನಾಲ್ಕು ನಿಮಿಷ ಹಲ್ಲು ಕಚ್ಚಿ
ಒಂದು ಪಂಪಿನ ದಂಡ ಕಡೆದ ಮೂರನೆಯದು
ಬಾಗಿಲು ತೆರೆದು ಸಾಲಿನ ಹಿಂದೆ ನಿಂತಿತ್ತು.
ಬೆಳಗಿನ ಲೆಕ್ಕದಲ್ಲಿ ಆರು ದಂಡ ಕಡಿಮೆ.

ಎರಡನೆಯ ರಾತ್ರಿ:
ದೊಡ್ಡದಕ್ಕೆ ಮೊದಲು, ಆಮೇಲೆ ಚುರುಕಿನವು,
ಮೂಲೆಯ ಡ್ರಿಲ್ಲಿಗೆ ಉಳಿದ ಹೊತ್ತು.
ಹೊತ್ತು ಉಳಿಯಲಿಲ್ಲ.
ನಲವತ್ತೊಂದು ನಿಮಿಷ ಅದರ ಕಿತ್ತಳೆ ದೀಪ
ಮಿಟುಕಿಸಿತು, ಮಿಟುಕಿಸಿತು,
ನಾನು ಪರದೆ ನೋಡುತ್ತಿದ್ದೆ, ಅದನ್ನಲ್ಲ.

ಮೂರನೆಯ ರಾತ್ರಿ ಬುದ್ಧಿ ಬಂತು ಅಂದುಕೊಂಡೆ.
ಕಾದ ಹತ್ತು ಸೆಕೆಂಡಿಗೆ ಒಂದು ಅಂಕ.
ಬಡವರ ಪರ ನಿಂತ ಹಾಗೆ ಹೆಮ್ಮೆ ಬೇರೆ.
ತೋಳು ಎರಡರ ಕಡೆ ಅರ್ಧ ಹೋಯಿತು,
ಅಷ್ಟರಲ್ಲಿ ನಾಲ್ಕರ ಅಂಕ ಏರಿತು, ತಿರುಗಿತು,
ಎರಡರದ್ದು ಏರಿತು, ಮತ್ತೆ ತಿರುಗಿತು.
ಕುಳಾಯಿ ಹೆದ್ದಾರಿಯ ನಡುವೆ ಸಿಕ್ಕಿದ ಕೋಳಿ,
ಅತ್ತ ಟ್ಯಾಂಕರು, ಇತ್ತ ಟ್ಯಾಂಕರು,
ಬರಿಗೈ.
ಸೇರಿಸಿದೆ ಒಂದು ಸಾಲು:
ಹಿಡಿದದ್ದನ್ನು ಇಡುವ ತನಕ ತಿರುಗಬೇಡ.
(ಇದನ್ನು ನನಗೂ ಯಾರಾದರೂ ಮೊದಲೇ ಬರೆದಿದ್ದರೆ.)

ಹತ್ತೊಂಬತ್ತು ವರ್ಷ ಈ ನಾಲ್ಕನ್ನೂ
ಎರಡೇ ಕೈಯಲ್ಲಿ ನೋಡಿಕೊಂಡವರು ಸೇಸಪ್ಪಣ್ಣ.
ಈಗ ಗೇಜು ಹಿಡಿದು ತಪಾಸಣೆಯ ಮೇಜಿನ ಹಿಂದೆ.
ಮುನಿಸು ಇತ್ತೋ ಏನೋ,
ಫ್ಲಾಸ್ಕಿನಿಂದ ಬಗ್ಗಿಸಿದ ಚಹಾದಲ್ಲಿ ಕಾಣಲಿಲ್ಲ.
ಮೀನುಹುಡಿ ಕಾರ್ಖಾನೆಯ ಗಾಳಿ ಒಳಗೆ ಬಂದು ಹೋಯಿತು.
ಕೇಳಿದೆ: ನೀವು ಯಾವುದರ ಹತ್ತಿರ ಮೊದಲು ಹೋಗುತ್ತಿದ್ದಿರಿ?

‘ನಾನು ಹೋಗುವುದೆಂತ, ಕಿವಿ ಹೋಗ್ತದೆ.
ಸದ್ದು ಮಾಡುವುದು ಕೆಲಸದಲ್ಲಿ ಉಂಟು.
ಮನಿಪಂದೆ ನಿಂತದ್ದು ಕಾಯ್ತಾ ಉಂಟು.
ಮತ್ತೆ ಮೂರನೆಯದ್ದು, ನಿಲ್ಲುವ ಮೊದಲು
ಸ್ವರ ಸಣ್ಣ ಮಾಡ್ತದೆ. ಆಗಲೇ ಏಳಬೇಕು.
ಕರೆದ ಮೇಲೆ ಎದ್ದರೆ ತಡ ಆಯ್ತು ಮಾರಾಯ್ರೆ.’

ಮೂರು ರಾತ್ರಿ ನಾನು ಕಲಿಸಿದ್ದು
ಕರೆಗೆ ಓಗೊಡುವುದು, ಅಷ್ಟೇ.

ಬರೆದೆ: ಮೂರರಲ್ಲಿ ಹನ್ನೆರಡು ಸೆಕೆಂಡು ಬಾಕಿ ಇರುವಾಗ
ಬೇರೆ ಯಾವುದನ್ನೂ ಮುಟ್ಟಬೇಡ.
ಹೊಸ ದಂಡ ಎತ್ತಿಕೋ.
ಹೋಗಿ ಅದರ ಬಾಗಿಲ ಮುಂದೆ ನಿಲ್ಲು.
ಸುಮ್ಮನೆ ನಿಲ್ಲು.

ತೋಳು ಹೋಗಿ ನಿಂತಿತು.
ಯಂತ್ರ ಇನ್ನೂ ಕಡೆಯುತ್ತಿತ್ತು, ಕೂಲೆಂಟು ಹಾಲಿನ ಹಾಗೆ ಸುರಿಯುತ್ತಿತ್ತು.
ಕೆಲಸವಿಲ್ಲದೆ ನಿಂತ ರೋಬೋಟು,
ಮ್ಯಾನೇಜರು ನೋಡಿದ್ದರೆ ಬೈಯುವಂಥ ನಿಲುವು.
ಸ್ವರ ಸಣ್ಣದಾಯಿತು. ನನಗೂ ಕೇಳಿಸಿತು, ಮೊದಲ ಸಲ.
ಮೇಜಿನ ಹಿಂದೆ ಸೇಸಪ್ಪಣ್ಣನ ಮೊಣಕಾಲು
ತಾನಾಗಿ ಅರ್ಧ ಎದ್ದಿತು,
ನೆನಪಾಗಿ ಕೂತಿತು.

ಬಾಗಿಲು ಸರಿಯಿತು. ಹಳತು ಹೊರಗೆ, ಹೊಸತು ಒಳಗೆ.
ಡ್ರಿಲ್ಲಿನ ದೀಪವೂ ಹಸಿರಾಯಿತು, ತನ್ನ ಸರದಿಗೆ.

ಎಷ್ಟು ಬರೆದಿರಿ, ಕೇಳಿದರು.
ಹನ್ನೆರಡು ಅಂದೆ.
ಗೇಜನ್ನು ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಗೆ ಹಾಕುತ್ತಾ ಅವರು:
‘ಹತ್ತು ಸಾಕು. ಆ ಬಾಗಿಲಿಗೆ ನಿನ್ನೆ ಎಣ್ಣೆ ಬಿಟ್ಟಿದ್ದೇನೆ.
ಜೂನಿನಲ್ಲಿ ತುಕ್ಕು ಹಿಡಿದು ಎಳೀತದೆ,
ಆಗ ಹದಿನೈದು ಮಾಡಿ.’